ಮೂರು ಸಲ ಬಿಳಿ

ನಾಲಿಗೆಯ ಮೇಲೆ ಇಟ್ಟುಕೊಂಡೇಬಿಟ್ಟಳು. ಎದುರು ಗೋಡೆಯಲ್ಲಿ 'ಪ್ರಯೋಗಾಲಯದ ಯಾವ ವಸ್ತುವನ್ನೂ ರುಚಿ ನೋಡಕೂಡದು' ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು. ವಿಭಾಗದ ಮುಖ್ಯಸ್ಥ ಕೋದಂಡಪ್ಪ ಸಾರೇ ಏಣಿಯ ಪಕ್ಕ ನಿಂತು ಬರೆಸಿದ್ದಂತೆ. ಅಂಬಿಕ ಆ ಅಕ್ಷರಗಳನ್ನು ನೋಡನೋಡುತ್ತಲೇ ಪಿಂಗಾಣಿ ಬಟ್ಟಲಿನ ಅಂಚಿಗೆ ಕಟ್ಟಿದ್ದ ಹರಳುಗಳಿಂದ ಸಾಸಿವೆ ಕಾಳಿನಷ್ಟನ್ನು ಉಗುರಿನಲ್ಲಿ ಎಬ್ಬಿಸಿ, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಚಪ್ಪರಿಸಿದಳು. ಕಹಿ ಇಲ್ಲ. ಹುಡುಕಿದರೂ ಇಲ್ಲ. ಬರೀ ಉಪ್ಪು. "ಬಂತು!" ಎಂದು ಖಾಲಿ ಲ್ಯಾಬಿನಲ್ಲಿ ಕೂಗಿ, ತನ್ನ ಕೂಗಿಗೆ ತಾನೇ ಬೆಚ್ಚಿ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು ಮೇಜುಗಳ ನಡುವಿನ ಓಣಿಯಲ್ಲಿ ಒಂದು ಸುತ್ತು ತಿರುಗಿದಳು. ಬೆಳಿಗ್ಗೆ ಇದು ಹೀಗಿರಲಿಲ್ಲ. ಬೇತಮಂಗಲದ ಮನೆಯ ಕೊಟ್ಟಿಗೆಯಲ್ಲಿ, ಹಸುಗಳ ಕಲಗಚ್ಚಿಗೆ ಹಾಕಲೆಂದು ತಂದ ಮೂಟೆಯ ತಳದಲ್ಲಿ, ಬೆವತು ಬೆವತು ಹೆಂಟೆಗಟ್ಟಿದ ಬೂದು ಉಪ್ಪಾಗಿತ್ತು. ಮರಳು, ಗೋಣಿಯ ನಾರು, ಒಂದು ಸತ್ತ ಇರುವೆ ಎಲ್ಲವೂ ಅದರಲ್ಲಿದ್ದವು. ಅಜ್ಜಿ ವೆಂಕಟರತ್ನಮ್ಮ ಸೆಗಣಿಯ ಕೈಯನ್ನು ಸೊಂಟಕ್ಕಿಟ್ಟುಕೊಂಡು ನಕ್ಕಿದ್ದಳು. "ಅದ್ನ ಯಾಕ್ ಕಟ್ಕೊಂಡ್ ಓಗ್ತೀಯಮ್ಮೀ? ಕಹಿ ಉಪ್ಪು ಅದು, ದನಾನೇ ಮೂತಿ ತಿರಿಗಿಸ್ತವೆ. ಕಾಲೇಜ್ನಾಗೆ ನೀನು ಪಾಠ ಯೋಳ್ತೀಯೋ, ಲೋಟ ತೊಳೀತೀಯೋ?" ಎರಡೂ ಮಾಡ್ತೀನಿ ಎಂದು ಹೇಳಬೇಕೆನಿಸಿತ್ತು. ಹೇಳದೆ ಬಸ್ಸು ಹತ್ತಿದ್ದಳು.

ಹುಡುಗರೆಲ್ಲ ಆಟದ ಪಂದ್ಯಕ್ಕೆಂದು ಕೋಲಾರಕ್ಕೆ ಹೋಗಿದ್ದರು. ಬಂಗಾರಪೇಟೆಯ ಆ ಕಾಲೇಜಿನ ಲ್ಯಾಬು ಇಡೀ ದಿನ ಅವಳೊಬ್ಬಳದೇ ಆಗಿತ್ತು. ನಾಲ್ಕು ವರ್ಷದ ಅತಿಥಿ ಉಪನ್ಯಾಸಕಿಯ ಬದುಕಿನಲ್ಲಿ ಹಾಗೆಂದೂ ಆಗಿರಲಿಲ್ಲ. ಹೆಂಟೆಯನ್ನು ಕುಟ್ಟಿ ನೀರಿಗೆ ಹಾಕಿದಳು. ನೀರು ಕೆರೆಯ ಏರಿಯ ಬಣ್ಣಕ್ಕೆ ತಿರುಗಿತು. ಸೋಸಿದಳು, ಮಣ್ಣೆಲ್ಲ ಕಾಗದದ ಮೇಲೆ ಉಳಿದು ಕೆಳಗೆ ತಿಳಿನೀರು ಇಳಿಯಿತು. ಆದರೆ ಕಣ್ಣಿಗೆ ತಿಳಿಯಾದದ್ದು ತಿಳಿಯಲ್ಲ. ಅದರೊಳಗೆ ಉಪ್ಪಿನ ಜೊತೆ ಕಹಿಯ ಮೆಗ್ನೀಷಿಯಂ ಇದೆ, ಸುಣ್ಣದ ಕ್ಯಾಲ್ಸಿಯಂ ಇದೆ, ಸಲ್ಫೇಟ್ ಇದೆ, ಮೂವರೂ ಯಾರ ಮದುವೆಗೋ ಬಂದು ಪಂಕ್ತಿಯಲ್ಲಿ ಕೂತುಬಿಟ್ಟವರ ಹಾಗೆ ಕೂತಿದ್ದಾರೆ, ಅವರನ್ನು ಒಬ್ಬೊಬ್ಬರಾಗಿ ಎಬ್ಬಿಸಬೇಕು. ಸಲ್ಫೇಟನ್ನು ಎಬ್ಬಿಸಲು ಬೇರಿಯಂ ಕ್ಲೋರೈಡ್, ಮೆಗ್ನೀಷಿಯಂ ಎಬ್ಬಿಸಲು ಕಾಸ್ಟಿಕ್ ಸೋಡ, ಕ್ಯಾಲ್ಸಿಯಂ ಎಬ್ಬಿಸಲು ವಾಷಿಂಗ್ ಸೋಡ. ಒಂದೊಂದನ್ನು ಸುರಿದಾಗಲೂ ತಿಳಿನೀರಿನ ನಡುವಿನಿಂದ ಬಿಳಿಯ ಗಸಿ ಹುಟ್ಟಿ, ಹೊರಳಿ, ತಳಕ್ಕಿಳಿಯಿತು. ಒಂದು ಬಿಳಿ, ಇನ್ನೊಂದು ಬಿಳಿ, ಮತ್ತೊಂದು ಬಿಳಿ. ಸೋಸಿದಳು. ಕೊನೆಗೆ ಮಿಕ್ಕ ಸೋಡವನ್ನು ಮುಗಿಸಲು ಆಸಿಡ್ಡಿನ ಹನಿ ಬಿಟ್ಟಾಗ ಗೋಲಿ ಸೋಡದ ಹಾಗೆ ಬುಸ್ಸೆಂದಿತು, ಅವಳೂ ಬುಸ್ಸೆಂದು ನಕ್ಕಳು. ಕಾಯಿಸಿ ಇಂಗಿಸಿದಳು. ಬಟ್ಟಲಿನಲ್ಲಿ ಮೊದಲು ಕೆನೆಯಂತೆ ಏನೋ ಕಟ್ಟಿತು, ಆಮೇಲೆ ಅದು ಚೌಕಚೌಕವಾಗಿ ಹೊಳೆಯಿತು. ಅಷ್ಟು ಹೊತ್ತೂ ಏನೋ ಗುನುಗುತ್ತಿದ್ದಳು. ಯಾವ ಹಾಡೆಂದು ಈಗ ಕೇಳಿದರೆ ನೆನಪಿಲ್ಲ.

ಇಷ್ಟೆಲ್ಲ ಯಾತಕ್ಕೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಬೆಳಗಿನಿಂದ ನಟಿಸುತ್ತಿದ್ದಳು ಅಷ್ಟೆ. ತಿಂಗಳ ಹಿಂದೆ ಇದೇ ಪಾಠವನ್ನು ಎರಡನೇ ಪಿಯುಸಿ ತರಗತಿಯಲ್ಲಿ ಮಾಡುತ್ತಾ ಬೋರ್ಡಿನ ಮೇಲೆ ಕ್ರಮವಾಗಿ ಬರೆದಿದ್ದಳು: ಒಂದು ಕಾಸ್ಟಿಕ್, ಎರಡು ಬೇರಿಯಂ, ಮೂರು ವಾಷಿಂಗ್ ಸೋಡ. ಹಾಜರಿ ಪುಸ್ತಕ ಹುಡುಕಿಕೊಂಡು ಹಿಂಬಾಗಿಲಿನಿಂದ ಬಂದ ಕೋದಂಡಪ್ಪ ಸಾರು ಬೋರ್ಡನ್ನು ನೋಡಿದರು, ಡಸ್ಟರ್ ತೆಗೆದುಕೊಂಡರು, ಅವಳ ಮೂರು ಸಾಲನ್ನೂ ಒಂದೇ ಬೀಸಿಗೆ ಒರೆಸಿದರು. ಒಂದು ಬೇರಿಯಂ, ಎರಡು ವಾಷಿಂಗ್ ಸೋಡ, ಮೂರು ಕಾಸ್ಟಿಕ್. ಆಮೇಲೆ ಕೈಯ ಸೀಮೆಸುಣ್ಣ ಕೊಡವಿಕೊಂಡು, "ಮೇಡಂ ಹೇಳಿದ ಹಾಗೆ ಮಾಡಿ ತಿಂದ್ರೆ ನೀವೆಲ್ಲ ಪರೀಕ್ಷೆ ಬರೆಯೋದು ಸ್ವರ್ಗದಲ್ಲಿ" ಅಂದರು. ಅರವತ್ತು ಜನ ನಕ್ಕರು. ಅವಳನ್ನು ಈಗಲೂ ಚುಚ್ಚುತ್ತಿದ್ದುದು ಆ ಅರವತ್ತು ನಗೆಯಲ್ಲ, ಅರವತ್ತೊಂದನೆಯದು, ಅವಳದು. ಅವಳೂ ನಕ್ಕಿದ್ದಳು, ತಲೆ ಬಗ್ಗಿಸಿ, ಅತ್ತೆಯ ಮುಂದೆ ಸಾರು ಉಪ್ಪಾಯಿತೆಂದು ಒಪ್ಪಿಕೊಳ್ಳುವ ಹೊಸ ಸೊಸೆಯ ಹಾಗೆ. ಅಂದಿನಿಂದ ಇವತ್ತಿನವರೆಗೆ ತನ್ನ ಕ್ರಮ ನಿಜಕ್ಕೂ ತಪ್ಪೇ ಎಂದು ಕಾಗದ ಪೆನ್ನು ಹಿಡಿದು ನೋಡುವ ಧೈರ್ಯ ಬಂದಿರಲಿಲ್ಲ. ಸಾರು ಒರೆಸಿದ ಮೇಲೆ ತಪ್ಪೇ ಇರಬೇಕು. ಅವರು ಮೂವತ್ತೊಂದು ವರ್ಷದಿಂದ ಪಾಠ ಹೇಳುತ್ತಿರುವವರು, ವಿಭಾಗದ ಮುಖ್ಯಸ್ಥರು, ಅವಳನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬೇಕೋ ಬೇಡವೋ ಎಂದು ಷರಾ ಬರೆಯುವವರು. ಆ ದಿನ ಬಸ್ಸಿನ ಕಿಟಕಿಗೆ ತಲೆ ಆನಿಸಿ, ಈ ಮನುಷ್ಯ ಸತ್ತುಹೋದರೆ ಏನಾಗುತ್ತದೆ ಎಂದು ಯೋಚಿಸಿದ್ದಳು. ಒಂದು ದಿನ ರಜೆ, ಸಂತಾಪ ಸಭೆ, ಎರಡು ನಿಮಿಷ ಮೌನ, ವಂದನಾರ್ಪಣೆ ಅಂಬಿಕ ಮೇಡಂ. ಬೇತಮಂಗಲ ಬರುವಷ್ಟರಲ್ಲಿ ವಂದನಾರ್ಪಣೆಯ ಭಾಷಣ ಪೂರ್ತಿ ಸಿದ್ಧವಾಗಿತ್ತು, ಅದರಲ್ಲಿ ಒಂದೆರಡು ಒಳ್ಳೆಯ ವಾಕ್ಯಗಳೂ ಇದ್ದವು.

ಈಗ ಸೋಸುವ ಕಾಗದದ ಒಂದು ಹೊಸ ಹಾಳೆಯಲ್ಲಿ ಹರಳುಗಳನ್ನು ಸುರಿದು, ಮೂಲೆಗಳನ್ನು ಮಡಚಿ ಪೊಟ್ಟಣ ಕಟ್ಟಿ, ಸ್ಟಾಫ್ ರೂಮಿಗೆ ಓಡಿದಳು. ನೋಡಿ ಸಾರ್, ಅನ್ನಬೇಕು. ಇಷ್ಟೇ, ನೋಡಿ ಸಾರ್. ಕೋದಂಡಪ್ಪ ಸಾರು ಕನ್ನಡಕ ಹಣೆಗೇರಿಸಿಕೊಂಡು ಫೋನಿನಲ್ಲಿ ಯಾರ ಜೊತೆಗೋ ತಮ್ಮ ಉರಿಗಾಂ ಮನೆಯ ನಲ್ಲಿಯ ವಿಷಯ ಜಗಳವಾಡುತ್ತಿದ್ದರು. "ಬೇತಮಂಗಲದ ಕೆರೇನೇ ಕುಡ್ದುಬಿಟ್ಟಿದೆಯೇನ್ರಿ ನಿಮ್ಮ ಪೈಪು? ನಾಲ್ಕು ದಿನ ಆಯ್ತು!" ಅಂಬಿಕ ಕೈ ಚಾಚಿದಳು, ಚಾಚಿದ ಕೈ ಅರ್ಧಕ್ಕೇ ನಿಂತಿತು. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಎಂಎಸ್ಸಿ ಓದಿದರೂ ಕೈಗೆ ಗೊತ್ತಿರುವುದು ಕೈಗೆ ಗೊತ್ತು. ಪೊಟ್ಟಣವನ್ನು ಮೇಜಿನ ಮೂಲೆಯಲ್ಲಿ, ಸೌತೆಕಾಯಿ ಹೋಳುಗಳ ಡಬ್ಬಿಯ ಪಕ್ಕ ಮೆಲ್ಲನೆ ಇಟ್ಟಳು. ಸಾರು ಅತ್ತ ನೋಡಿದರು, ತಲೆಯಾಡಿಸಿದರು, ನಲ್ಲಿಯ ಜಗಳ ಮುಂದುವರಿಸಿದರು. ಬರೀ ಉಪ್ಪು ತೋರಿಸಿದರೆ ಯಾವ ಅಂಗಡಿಯದಮ್ಮಾ ಅಂದುಬಿಡುತ್ತಾರೆ, ಜೊತೆಗೆ ಪ್ರಯೋಗದ ನೋಟ್ ಪುಸ್ತಕವೂ ಇರಬೇಕು ಎಂದು ಹೊಳೆದು, ಅವಳು ಲ್ಯಾಬಿಗೆ ವಾಪಸು ಓಡಿದಳು.

ನೋಟ್ ಪುಸ್ತಕ ಕಿಟಕಿಯ ಕಟ್ಟೆಯ ಮೇಲಿತ್ತು. ಮೇಜಿನ ಕಡೆ ನೋಡದೆ ನೇರ ಹೋಗಿ ತೆರೆದಳು. ಸಂತೋಷದಲ್ಲಿ ಬರೆದ ಅಕ್ಷರಗಳು ಸಾಲು ಬಿಟ್ಟು ಕುಣಿದಿದ್ದವು. 'ಹಾಕಿದೆ, ಬಿಳಿ ಗಸಿ ಬಂತು.' ಕೆಳಗೆ, 'ಹಾಕಿದೆ, ಬಿಳಿ ಗಸಿ ಬಂತು!' ಅದರ ಕೆಳಗೆ, 'ಮತ್ತೆ ಬಿಳಿ!!' ಏನು ಹಾಕಿದೆ ಎಂದು ಎಲ್ಲಿಯೂ ಇಲ್ಲ. ಪುಟ ತಿರುಗಿಸಿದಳು, ಹಿಂದಕ್ಕೆ ತಿರುಗಿಸಿದಳು. ನಗು ಬಂತು. ನಗು ಅರ್ಧದಲ್ಲೇ ನಿಂತಿತು. ಬೇರಿಯಂ ವಿಷ. ಸಲ್ಫೇಟು ಪೂರ್ತಿ ಹೋಗಲೆಂದು ಅದನ್ನು ಬೇಕಾದುದಕ್ಕಿಂತ ತುಸು ಹೆಚ್ಚೇ ಹಾಕಬೇಕು. ಆ ಹೆಚ್ಚಾದದ್ದನ್ನು ಹಿಂದೆ ಬರುವ ವಾಷಿಂಗ್ ಸೋಡ ಹಿಡಿದು ಗಸಿ ಮಾಡಿ ತಳಕ್ಕೆ ಕೆಡವುತ್ತದೆ. ಸೋಡ ಹಿಂದೆ ಬಂದರೆ. ಮೊದಲೇ ಬಂದು ಹೋಗಿದ್ದರೆ ಮಿಕ್ಕ ಬೇರಿಯಂ ಹಿಡಿಯುವವರಿಲ್ಲದೆ ಉಪ್ಪಿನ ಹರಳಿನಲ್ಲೇ ಉಪ್ಪಿನ ವೇಷ ಹಾಕಿಕೊಂಡು ಉಳಿಯುತ್ತದೆ. ಯಾವುದು ಮೊದಲು? ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಬಿಳಿ. ಇನ್ನೊಂದು ಬಿಳಿ. ಮತ್ತೊಂದು ಬಿಳಿ. ನೆನಪಿನಲ್ಲಿ ಬಿಳಿಯ ಹೊರತು ಏನೂ ಇರಲಿಲ್ಲ.

ಸ್ಟಾಫ್ ರೂಮಿನಲ್ಲಿ ಸಾರ ಕುರ್ಚಿ ಖಾಲಿಯಾಗಿತ್ತು. ಸೌತೆಕಾಯಿ ಡಬ್ಬಿಯಿಲ್ಲ, ಪೊಟ್ಟಣವಿಲ್ಲ. ಅಟೆಂಡರ್ ಅನಸೂಯಮ್ಮ ಮೇಜು ಒರೆಸುತ್ತಿದ್ದಳು. ದಿನವೂ ಮಧ್ಯಾಹ್ನ ಸೌತೆಕಾಯಿ ಹೆಚ್ಚಿ, ಪಕ್ಕದಲ್ಲಿ ಕಾಗದದ ಚೂರಿನಲ್ಲಿ ಉಪ್ಪು ಇಟ್ಟು ಹೋಗುವವಳು ಅವಳೇ.

"ಸಾರೆಲ್ಲಿ ಅನಸೂಯಮ್ಮ?"

"ನಾಕೂ ಇಪ್ಪತ್ತರ ಟ್ರೈನಿಗೆ ಓದ್ರಲ್ಲ. ನಲ್ಲಿ ನೀರು ಬುಟ್ಟವ್ರಂತೆ, ಮನೆಯಾಗೆ ಯಾರೂ ಇಲ್ವಂತೆ. ತಿನ್ನೋಕೂ ಪುರ್ಸೊತ್ತಿಲ್ದೆ ಸೌತೆಕಾಯಿ, ಉಪ್ಪು ಎಲ್ಲಾ ಬ್ಯಾಗಿಗಾಕ್ಕೊಂಡ್ ಓದ್ರು. ಅದೇ ನೋಡಿ ಆಶ್ಚರ್ಯ, ಇವತ್ತು ನಾನು ಉಪ್ಪು ಇಕ್ಕೋದ್ನೇ ಮರ್ತಿದ್ದೆ. ಯಾರಿಕ್ಕಿದ್ರೋ, ಪುಣ್ಯ ಬರ್ಲಿ."

ಅಂಬಿಕ ಲ್ಯಾಬಿಗೆ ಓಡಿದಳು. ಬಟ್ಟಲಿನಲ್ಲಿ ಮಿಕ್ಕಿದ್ದನ್ನು ಪರೀಕ್ಷೆ ಮಾಡಿದರೆ ಒಂದು ನಿಮಿಷದ ಕೆಲಸ. ಆದರೆ ಬಟ್ಟಲು, ಬೀಕರು, ಆಲಿಕೆ ಎಲ್ಲವೂ ಬೋರಲಾಗಿ ಸಾಲಾಗಿ ಕೂತು ನೀರು ತೊಟ್ಟಿಕ್ಕಿಸುತ್ತಿದ್ದವು. ಗಸಿ ಸೋಸಿದ ಕಾಗದಗಳೂ ಇರಲಿಲ್ಲ. ಹಿಂದೆಯೇ ಬಂದ ಅನಸೂಯಮ್ಮ ಹೆಮ್ಮೆಯಿಂದ ಅಂದಳು: "ನೀವ್ ಮೊದ್ಲು ಸಾರ್ ತಾವ್ಕೆ ಓಗಿದ್ದೇ ತಡ, ಎಲ್ಲಾ ಬೆಳಗಿಟ್ಬುಟ್ಟೆ ಮೇಡಂ."

"ಚೆನ್ನಾಗಿ ಬೆಳಗಿದೀರ," ಅಂದಳು ಅಂಬಿಕ, ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದ ದನಿಯಲ್ಲಿ. ಕಪಾಟಿನಿಂದ ಮೆಗ್ನೀಷಿಯಂ ಸಲ್ಫೇಟಿನ ಸೀಸೆ ತೆಗೆದಳು. ಬೇರಿಯಂ ಇದ್ದರೆ ಇದರ ನಾಲ್ಕು ಹನಿಗೆ ಬೆಳ್ಳಗಾಗುತ್ತದೆ, ಇಲ್ಲದಿದ್ದರೆ ಇಲ್ಲ. ಬೇರಿಯಂ ತಿಂದವರಿಗೆ ಕುಡಿಸಬೇಕಾದದ್ದೂ ಇದನ್ನೇ ಎಂದು ಎಲ್ಲೋ ಓದಿದ್ದಳು. ಹಳಬರು ಭೇದಿಗೆ ಕುಡಿಯುತ್ತಿದ್ದ ಉಪ್ಪು. ಪರೀಕ್ಷೆಯೂ ಅದೇ, ಔಷಧಿಯೂ ಅದೇ. ವಿಭಾಗದ ಮುಖ್ಯಸ್ಥರಿಗೆ ರೈಲಿನಲ್ಲಿ ಭೇದಿ ಔಷಧಿ ಕುಡಿಸಲು ಹೊರಟಿದ್ದೇನೆ ಎಂದು ಅರ್ಥವಾದಾಗ ಗಂಟಲಿನಿಂದ ಒಂದು ಕೇಕೆಯೇ ಹೊರಬಿತ್ತು. ಒಂದು ಪ್ರನಾಳ, ರಬ್ಬರ್ ಬಿರಡೆ, ಬಟ್ಟಿ ಇಳಿಸಿದ ನೀರಿನ ಸಣ್ಣ ಬಾಟಲಿ ಎಲ್ಲವನ್ನೂ ಟಿಫನ್ ಬ್ಯಾಗಿಗೆ ತುರುಕಿ ರಸ್ತೆಗಿಳಿದಳು. ಸಾರ ನಂಬರಿಗೆ ಕರೆ ಮಾಡಿದಳು, ನಲ್ಲಿಯವರೊಡನೆ ಜಗಳ ಇನ್ನೂ ನಡೆಯುತ್ತಿತ್ತೇನೋ, ಬಿಜಿ. ಮತ್ತೆ ಮಾಡಿದಳು, ಬಿಜಿ.

ಓಡುತ್ತಾ ಓಡುತ್ತಾ ನೆನಪಾಯಿತು: ನಾನೂ ತಿಂದಿದ್ದೇನಲ್ಲ! ಸಾಸಿವೆ ಕಾಳಿನಷ್ಟು. ಎದೆ ಡಬಡಬ ಎನ್ನುತ್ತಿತ್ತು, ಅದು ಓಟಕ್ಕೋ ಬೇರಿಯಂಗೋ? ತುಟಿ ಜುಮ್ಮೆನ್ನುತ್ತಿತ್ತು, ಹೆದರಿಕೆಗೂ ತುಟಿ ಜುಮ್ಮೆನ್ನುತ್ತದೆ. ತಲೆ ಗಿರ್ರೆಂದು ತಿರುಗುತ್ತಿತ್ತು, ಆದರೆ ಬೆಳಗಿನಿಂದಲೂ ಹಾಗೇ ತಿರುಗುತ್ತಿತ್ತಲ್ಲ, ಉಪ್ಪು ಹುಟ್ಟುವುದಕ್ಕೆ ಮುಂಚಿನಿಂದಲೂ. ಸಂತೋಷಕ್ಕೂ ವಿಷಕ್ಕೂ ಮೈ ಒಂದೇ ಥರ ಆಡುವುದಾದರೆ ಮನುಷ್ಯ ಏನೆಂದು ತಿಳಿಯಬೇಕು? ಸಂತೆಗೇಟಿನ ಹತ್ತಿರ ಟೊಮೇಟೊ ಕ್ರೇಟುಗಳ ಆಟೋ ಅಡ್ಡ ಬಂತು, ಅದರವನು "ಮೇಡಂ, ನಿದಾನ, ನಿದಾನ, ಟ್ರೈನ್ ನಿಮ್ಮನ್ನ ಬಿಟ್ ಓಗಲ್ಲ" ಎಂದು ಕೂಗಿದ. ಬಿಟ್ಟು ಹೋಗುತ್ತದಯ್ಯಾ, ಬಿಟ್ಟು ಹೋದರೆ ನಾನು ಕೊಲೆಗಾರ್ತಿ, ಎಂದು ಅವನಿಗೆ ವಿವರಿಸುವಷ್ಟು ಉಸಿರಿರಲಿಲ್ಲ. ಮೇಲ್ಸೇತುವೆಯ ಮೆಟ್ಟಿಲು ಹತ್ತುವಾಗ ಅದಕ್ಕಿಂತ ಕೆಟ್ಟ ಯೋಚನೆ ಕಾಲಿಗೆ ತೊಡರಿತು. ಬಸ್ಸಿನ ಕಿಟಕಿಗೆ ತಲೆ ಆನಿಸಿ ಅವರನ್ನು ಸಾಯಿಸಿದ್ದೆಯಲ್ಲ, ಸಂತಾಪ ಸಭೆ ಮಾಡಿದ್ದೆಯಲ್ಲ. ಗುನುಗುತ್ತಾ ನಗುತ್ತಾ ನಿನ್ನ ಕೈಯೇ ಸೋಡವನ್ನು ಮೊದಲು ಸುರಿದಿರಲಿಲ್ಲ ಎಂದು ಹೇಗೆ ಹೇಳುತ್ತೀ? ಮರೆತೆಯೋ, ಬೇಕೆಂದೇ ಮರೆತೆಯೋ? ಗೊತ್ತಿಲ್ಲ, ಗೊತ್ತಿಲ್ಲ, ಎಂದು ಮೆಟ್ಟಿಲಿಗೊಂದರಂತೆ ಹೇಳಿಕೊಂಡು ಹತ್ತಿದಳು, ಇಳಿದಳು, ಉರಿಗಾಂ ಮೇಲೆ ಹೋಗುವ ಮಾರಿಕುಪ್ಪಂ ಗಾಡಿ ಜಗ್ಗಿ ಹೊರಡುತ್ತಿದ್ದಂತೆ ಕೊನೆಯ ಬೋಗಿಗೆ ನೆಗೆದಳು. ಯಾರೋ ರಟ್ಟೆ ಹಿಡಿದು ಒಳಗೆಳೆದುಕೊಂಡರು.

ಬೋಗಿಯಿಂದ ಬೋಗಿಗೆ ದಾಟುವ ದಾರಿ ಇರಲಿಲ್ಲ. ಮೊದಲ ನಿಲುಗಡೆಯಲ್ಲಿ ಇಳಿದು ಮುಂದಿನ ಬೋಗಿಗೆ ಓಡಿದಳು, ಕೋರಮಂಡಲ್‌ನಲ್ಲಿ ಇಳಿದು ಅದರ ಮುಂದಿನದಕ್ಕೆ. ಕಿಟಕಿಯಾಚೆ ಚಿನ್ನದ ಗಣಿಯ ಕಲ್ಲುಪುಡಿ ರಾಶಿಬಿದ್ದ ಸೈನೈಡ್ ದಿಬ್ಬಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು, ಗಾಳಿ ಅವುಗಳ ನೆತ್ತಿಯಿಂದ ಪುಡಿ ಎಬ್ಬಿಸುತ್ತಿತ್ತು. ನೂರು ವರ್ಷದ ಗಸಿ, ಎಂದುಕೊಂಡಳು. ಅದೂ ಬಿಳಿ! ಮತ್ತೆ ನಗು ಬಂತು, ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೈಯ ಹಿಂದಿನಿಂದಲೇ ಕೋದಂಡಪ್ಪ ಸಾರು ಕಂಡರು. ಕಿಟಕಿಯ ಪಕ್ಕ, ತೊಡೆಯ ಮೇಲೆ ದಿನಪತ್ರಿಕೆ, ಪತ್ರಿಕೆಯ ಮೇಲೆ ಸೌತೆಕಾಯಿ, ಸೌತೆಕಾಯಿಯ ಪಕ್ಕ ಬಿಚ್ಚಿದ ಪೊಟ್ಟಣ, ಕೈಯಲ್ಲಿ ಅರ್ಧ ಕಚ್ಚಿದ ಹೋಳು.

"ತಿನ್ಬೇಡಿ ಸಾರ್!"

ಇಡೀ ಬೋಗಿ ತಿರುಗಿ ನೋಡಿತು. ಸಾರು ಹೋಳನ್ನು ಬಾಯಿಂದ ದೂರ ಹಿಡಿದರು. "ಏನಮ್ಮಾ ಇದು? ಬೇತಮಂಗಲದ ಬಸ್ಸು ಬಿಟ್ಟು ಇಲ್ಲೇನ್ ಮಾಡ್ತಿದೀಯಾ?"

"ಎಷ್ಟು ತಿಂದ್ರಿ ಸಾರ್?"

"ಎರಡು ಹೋಳು. ಸೌತೆಕಾಯಿಗೂ ಲೆಕ್ಕ ಕೇಳೋಕೆ ಓಡಿ ಬಂದ್ಯಾ?"

"ಅದು ಅನಸೂಯಮ್ಮನ ಉಪ್ಪಲ್ಲ ಸಾರ್. ನಾನು ಮಾಡಿದ್ದು. ಲ್ಯಾಬಿನಲ್ಲಿ. ಬೇರಿಯಂ ಹಾಕಿ."

ಸಾರು ಹೋಳನ್ನು ನೋಡಿದರು, ಪೊಟ್ಟಣವನ್ನು ನೋಡಿದರು. ಕಾಗದ ಲ್ಯಾಬಿನದೆಂದು ಆಗ ಗುರುತಾಯಿತೇನೋ, ಹೋಳನ್ನು ಪತ್ರಿಕೆಯ ಮೇಲಿಟ್ಟರು. ತರಗತಿಯ ದನಿಯಲ್ಲೇ ಕೇಳಿದರು, ಆದರೆ ದನಿ ಸಣ್ಣಗಿತ್ತು. "ಮೊದಲು ಏನು ಹಾಕಿದೆ?"

ಒಂದು ಸುಳ್ಳು ಸಾಕಾಗಿತ್ತು. ಬೇರಿಯಂ ಸಾರ್, ನೀವು ಬರೆದ ಹಾಗೇ ಸಾರ್, ಎಂದರೆ ಮುಗಿಯುತ್ತಿತ್ತು. ಅವಳ ಬಾಯಲ್ಲಿ ಬೆಳಗಿನಿಂದಲೂ ಕುಣಿಯುತ್ತಿದ್ದ ಅದೇನೋ, ಸುಳ್ಳಿಗೆ ಜಾಗ ಬಿಡಲಿಲ್ಲ.

"ಗೊತ್ತಿಲ್ಲ ಸಾರ್," ಅಂದಳು. "ಮೂರೂ ಬಿಳೀನೇ ಬಂತು."

ಎದುರು ಸೀಟಿನಿಂದ ಬೇಯಿಸಿದ ಕಡಲೆಕಾಯಿ ಮಾರುವ ಕುಪ್ಪುಸ್ವಾಮಿ ಎದ್ದು ನಿಂತ. ಮಂಕರಿ ಕಾಲಸಂದಿಯಲ್ಲಿತ್ತು. "ಎನ್ನಮ್ಮಾ ಇದು, ಸಾರ್‌ಗೆ ವಿಷ ಹಾಕ್‌ಬುಟ್ಟಾ? ನಾನೂ ಒಂದು ಚಿಟಿಕೆ ತಗಂಡೆನಲ್ಲ ಸಾರ್, ನೀವೇ ಸೀಟ್ ಮೇಲಿಟ್ಟು ತಗೋ ಅಂದ್ರಲ್ಲ! ಮುರುಗಾ! ಮನೇಲಿ ಮೂರ್ ಹೆಣ್ಮಕ್ಕಳಮ್ಮಾ ನನಗೆ!"

"ಒಂದೇ ನಿಮಿಷ ಅಣ್ಣಾ," ಎಂದು ಅಂಬಿಕ ಅವರಿಬ್ಬರ ನಡುವೆ ಮೊಣಕಾಲೂರಿ ಕುಳಿತಳು. ಪ್ರನಾಳಕ್ಕೆ ನೀರು ಸುರಿದು, ಪೊಟ್ಟಣದಿಂದ ಚಿಟಿಕೆ ಉಪ್ಪು ಹಾಕಿ, ಬಿರಡೆ ಹಾಕಿ ಕುಲುಕಿದಳು. ಅವಳು ಕುಲುಕದಿದ್ದರೂ ರೈಲೇ ಕುಲುಕುತ್ತಿತ್ತು. ಹೂವಿನ ಬುಟ್ಟಿಯ ಹೆಂಗಸು ಬಗ್ಗಿದಳು, ಬೆನ್ನಿಗೆ ಚೀಲ ಹಾಕಿದ್ದ ಇಬ್ಬರು ಹುಡುಗಿಯರು ಬಗ್ಗಿದರು, ಯಾರೋ "ಬೆಳಕು ಬಿಡ್ರಪ್ಪ" ಎಂದು ಗದರಿದರು. ಸೀಸೆಯನ್ನು ಎತ್ತಿ ಸುರಿದಳು. ಒಂದು ಹನಿ. ಎರಡು. ಪ್ರನಾಳವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೂರು. ಬಿಳಿ ಬರಬೇಡ, ಎಂದಳು ಮನಸ್ಸಿನಲ್ಲೇ. ಬೆಳಗಿನಿಂದ ಮೂರು ಸಲ ಕೂಗಿ ಕೂಗಿ ಕರೆದದ್ದನ್ನು ಈಗ ಬರಬೇಡ ಎಂದು ಕೈಮುಗಿದು ಬೇಡುತ್ತಿದ್ದಳು. ನಾಲ್ಕು. ಐದು. ಗಾಜಿನಾಚೆ ದಿಬ್ಬಗಳು ಕಂಡವು, ಎಡಬಲ ಅದಲುಬದಲಾಗಿ ಆದರೆ ಚೊಕ್ಕಟವಾಗಿ, ನೆತ್ತಿಯ ಪೊದೆಗಳನ್ನು ಸಹ ಎಣಿಸಬಹುದಿತ್ತು. ನೀರು ನೀರಾಗಿಯೇ ಇತ್ತು.

"ಏನೂ ಆಗ್ಲೇ ಇಲ್ಲ," ಅಂದ ಕುಪ್ಪುಸ್ವಾಮಿ, ಅಳುವ ಹಾಗೆ. "ಫೇಲಾ?"

"ಏನೂ ಆಗದೆ ಇದ್ರೇನೇ ಪಾಸು ಅಣ್ಣಾ!"

ಬೋಗಿಯಲ್ಲಿ ಒಂದು ದೊಡ್ಡ ಉಸಿರು ಎದ್ದಿತು, ಹಿಂದೆಯೇ ನಗು. ಕುಪ್ಪುಸ್ವಾಮಿ ಮಂಕರಿಯಿಂದ ಎರಡು ಬೊಗಸೆ ಕಡಲೆಕಾಯಿ ತೆಗೆದು ಅವಳ ಸೆರಗಿಗೆ ಸುರಿದ. "ತಿನ್ನಮ್ಮಾ ತಾಯಿ, ಇದು ನಾನು ಬೇಯಿಸಿದ್ದು, ಇದ್ರಲ್ಲಿ ಗೊತ್ತಿಲ್ಲದ್ದು ಏನೂ ಇಲ್ಲ." ಅಂಬಿಕ ಪ್ರನಾಳ ಹಿಡಿದುಕೊಂಡೇ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಕೋದಂಡಪ್ಪ ಸಾರ ಮುಖಕ್ಕೆ ರಕ್ತ ವಾಪಸು ಬಂದಿತ್ತು. ಕನ್ನಡಕ ಒರೆಸಿ ಹಾಕಿಕೊಂಡು, ಹೂವಿನವಳಿಗೂ ಹುಡುಗಿಯರಿಗೂ ಕೇಳುವಂತೆ ಗಟ್ಟಿಯಾಗಿ ಅಂದರು: "ನೋಡಿದ್ರಾ? ಅವತ್ತು ಕ್ಲಾಸಲ್ಲಿ ಇವರು ತಪ್ಪು ಬರೆದಿದ್ರು. ನಾನೇ ಒರೆಸಿ ಸರಿ ಕ್ರಮ ಬರೆದುಕೊಟ್ಟೆ. ಅದು ಮನಸ್ಸಿಗೆ ಹತ್ತದಿದ್ರೂ ಕೈಗೆ ಹತ್ತಿದೆ. ಬೈದದ್ದು ದಂಡ ಆಗ್ಲಿಲ್ಲ. ಇವತ್ತು ನಾವೆಲ್ಲ ಬದುಕಿರೋದು ಆ ಡಸ್ಟರಿನಿಂದ."

ಎಲ್ಲರೂ ನಕ್ಕರು. ಅಂಬಿಕಳ ತುಟಿಯೂ ನಗಲು ಹೊರಟಿತು, ಅಭ್ಯಾಸದಿಂದ, ತಲೆಯೂ ಬಗ್ಗಲು ಹೊರಟಿತು. ಬಗ್ಗಿದ ಕಣ್ಣಿಗೆ ಅವಳ ಬಲಗೈ ಕಂಡಿತು. ಎಡಗೈಯಲ್ಲಿ ನಾಲ್ಕು ಬಳೆ, ಬಲಗೈಯಲ್ಲಿ ಮೂರು. ಒಂದು ಎಲ್ಲಿ? ಲ್ಯಾಬಿನ ನಲ್ಲಿಯ ಮೇಲೆ. ಯಾಕೆ? ಬೆರಳಿನಿಂದ ಮಣಿಕಟ್ಟಿನವರೆಗೆ ಸೋಪು ಹಚ್ಚಿದಂತೆ ಜಾರುತ್ತಿತ್ತು, ಬಳೆಯ ಕೆ‌ಳಗೆಲ್ಲ ಜಾರುತ್ತಿತ್ತು, ತೆಗೆದಿಟ್ಟು ತೊಳೆದುಕೊಂಡು, ಮತ್ತೆ ಹಾಕಿಕೊಳ್ಳುವಾಗ ಒಂದನ್ನು ಮರೆತಿದ್ದಳು. ಕೈಯನ್ನು ಹಾಗೆ ಜಾರಿಸುವುದು ಕಾಸ್ಟಿಕ್ ಒಂದೇ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ನೋಡಿದರೆ, ಅಷ್ಟು ಹೊತ್ತೂ ತಿಳಿಯಾಗಿದ್ದ ಬೀಕರಿನಲ್ಲಿ ಆ ದಿನದ ಮೊಟ್ಟಮೊದಲ ಬಿಳಿ, ಗಂಜಿಯ ಹಾಗೆ ಮೆತ್ತಗೆ, ತೇಲುತ್ತಾ ಇತ್ತು. "ಮೊದಲನೆಯವ ಎದ್ದ!" ಎಂದು ಅದಕ್ಕೆ ಹೇಳಿದ್ದಳು. ಹೌದು, ಗಟ್ಟಿಯಾಗಿಯೇ ಹೇಳಿದ್ದಳು. ಕಾಸ್ಟಿಕ್ ಮೊದಲು. ಆಮೇಲಿನ ಎರಡರಲ್ಲಿ ಸೋಡ ಬೇರಿಯಂನ ಹಿಂದೆ ಬಂದಿತ್ತೆಂದು ಕೈಯಲ್ಲಿದ್ದ ಈ ತಿಳಿನೀರೇ ಹೇಳುತ್ತಿದೆ. ಕಾಸ್ಟಿಕ್, ಬೇರಿಯಂ, ಸೋಡ. ಬೋರ್ಡಿನಿಂದ ಒರೆಸಿದ್ದು ಕೈಯಿಂದ ಒರೆಸಿಹೋಗಿರಲಿಲ್ಲ. ನಗಲು ಹೊರಟಿದ್ದ ತುಟಿ ಅಲ್ಲೇ ನಿಂತಿತು. ಅದರ ಬದಲು ಹೊಟ್ಟೆಯ ಆಳದಿಂದ ಬೇರೆ ಯಾವುದೋ ನಗು, ಯಾರೂ ಕೇಳದಿದ್ದ ನಗು, ಏಳತೊಡಗಿತು.

"ಇಲ್ಲ ಸಾರ್," ಅಂದಳು. "ನಾನು ಮಾಡಿದ್ದು ನೀವು ಬರೆದ ಕ್ರಮ ಅಲ್ಲ. ನೀವು ಒರೆಸಿದ್ದು."

"ಏನಂದೆ?"

"ಕಾಸ್ಟಿಕ್ ಮೊದಲು ಸಾರ್. ಈಗ ಜ್ಞಾಪಕ ಬಂತು. ನನ್ನ ಬಳೆ ನಲ್ಲಿ ಮೇಲಿದೆ, ಬೇಕಾದ್ರೆ ಅನಸೂಯಮ್ಮನಿಗೆ ಫೋನ್ ಮಾಡಿ ಕೇಳಿ. ಬೇರಿಯಂ ಹಿಂದೆ ಸೋಡ ಬಂದ್ರೆ ಸಾಕಲ್ವಾ ಸಾರ್? ಕಾಸ್ಟಿಕ್ ಎಲ್ಲಿ ಬಂದ್ರೆ ಏನು?"

ಸಾರು ಜೇಬಿನಿಂದ ಪೆನ್ನು ತೆಗೆದು ಪತ್ರಿಕೆಯ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆಯತೊಡಗಿದರು. ಬಾಣದ ಗುರುತು ಹಾಕಿದರು, ಇನ್ನೊಂದು ಹಾಕಿದರು. ತುಟಿ ಅಲುಗುತ್ತಿತ್ತು. ಮೈಸೂರು ಮೈನ್ಸ್‌ನಲ್ಲಿ ಕಲ್ಲನ್ನು ಪುಡಿಮಾಡಿ ಚಿನ್ನ ತೆಗೆದವರ ಮಗ ಅವರು, ಲೆಕ್ಕ ಕಣ್ಣೆದುರಿಗಿರುವಾಗ ಇಲ್ಲವೆನ್ನುವ ಜಾತಿಯಲ್ಲ. ಅಷ್ಟು ಮಟ್ಟಿಗೆ ಅವಳು ಅವರನ್ನು ಬಲ್ಲಳು. ಪೆನ್ನು ಕೊನೆಯ ಬಾಣದ ತುದಿಯಲ್ಲಿ ನಿಂತಿತು, ಅಲ್ಲಿ ನೀಲಿಯ ಒಂದು ಚುಕ್ಕೆ ಅಗಲವಾಯಿತು. ಅವರ ಹಣೆಯ ಮೇಲೆ ಬೆವರಿತ್ತು. ಅವರ ಮೇಲೆ ಅವಳಿಗೆ ಪ್ರೀತಿಯಂಥದ್ದೇ ಏನೋ ಉಕ್ಕಿತು, ಈ ಮನುಷ್ಯ ಬದುಕಿದ್ದಾರಲ್ಲ, ಸೌತೆಕಾಯಿ ತಿಂದೂ ಬದುಕಿದ್ದಾರಲ್ಲ ಎಂದು. ಸಂತಾಪ ಸಭೆಯ ಭಾಷಣವನ್ನು ಕಿಟಕಿಯಿಂದಾಚೆ ಎಸೆದಳು.

ಗಾಡಿಯ ವೇಗ ತಗ್ಗಿತು. ಉರಿಗಾಂ ಬರುತ್ತಿತ್ತು, ಇಳಿಯುವವರು ಬಾಗಿಲ ಕಡೆ ಸರಿದರು. ಹೂವಿನವಳೂ ಕುಪ್ಪುಸ್ವಾಮಿಯೂ ತಮ್ಮ ಬುಟ್ಟಿ ಮಂಕರಿ ಹೊರುವ ಗಡಿಬಿಡಿಯಲ್ಲಿದ್ದರು. ಸಾರು ಪತ್ರಿಕೆಯನ್ನು ಬರೆದ ಅಂಚು ಒಳಗಾಗುವಂತೆ ಮಡಚಿ ಬಗಲಲ್ಲಿಟ್ಟುಕೊಂಡರು. ಪೊಟ್ಟಣದ ಮೂಲೆಗಳನ್ನು ಅವಳು ಮಡಚಿದ್ದ ಗೆರೆಗಳಲ್ಲೇ ಜೋಪಾನವಾಗಿ ಮಡಚಿದರು. ಆಮೇಲೆ ಅವಳ ಕಡೆಗೆ ಬಗ್ಗಿ, ಗಾಲಿಗಳ ಸದ್ದಿನಲ್ಲಿ ಅವಳಿಗೆ ಮಾತ್ರ ಕೇಳುವಂತೆ ಹೇಳಿದರು.

"ಅವತ್ತಿನದು ನಂದೇ ತಪ್ಪು. ಆಯ್ತಾ? ಬಾಯಿಬಿಟ್ಟು ಹೇಳ್ತಿದೀನಿ. ಮುಂದಿನ ವರ್ಷದ ಷರಾ ನಾಳೇನೇ ಬರೆದುಬಿಡ್ತೀನಿ, ಇಂಥವರು ನಮಗೆ ಬೇಕೇ ಬೇಕು ಅಂತ. ಇದು ಇಲ್ಲೇ ಮುಗೀಲಿ ಅಂಬಿಕ. ಹುಡುಗ್ರ ಮುಂದೆ ಬೇಡ. ಮೂವತ್ತೊಂದು ವರ್ಷ ಆಯ್ತು ನನಗೆ." ಪೊಟ್ಟಣವನ್ನು ಅವಳ ಕಡೆ ಚಾಚಿದರು, ಸೀಟಿನ ಮೇಲಿಡದೆ, ನೇರ ಅವಳ ಕೈಗೇ. "ತಗೋ."

ಅವಳು ಆ ಕೈಯನ್ನು ನೋಡಿದಳು. ಬೋರ್ಡು ಒರೆಸಿದ್ದ ಕೈ. ಸೆರಗಿನಲ್ಲಿ ಬಿಸಿ ಕಡಲೆಕಾಯಿ, ಮೈಯೆಲ್ಲ ಹಗುರ, ತಲೆ ಇನ್ನೂ ಗಿರ್ರೆನ್ನುತ್ತಿತ್ತು, ಮತ್ತು ಈಗ ಅದು ಯಾತಕ್ಕೆಂದು ಅವಳಿಗೆ ಸಂಶಯವೇ ಇರಲಿಲ್ಲ. ಅರವತ್ತು ನಗೆ ನೆನಪಾಯಿತು. ಅರವತ್ತೊಂದನೆಯದೂ, ಅವೆಲ್ಲ ಎದ್ದಿದ್ದ ಆ ತರಗತಿಯೂ.

"ಬೇಡ ಸಾರ್," ಅಂದಳು ಅಂಬಿಕ. "ಇಲ್ಲಿ ಬೇಡ."